ಪೆಟ್ಟಿಗೆಯೊಳಗಿನ ನೀರುಗಂಟಿ

ಹಂಪಿಗೆ ಹೋದವರು ವಿರೂಪಾಕ್ಷನ ಗೋಪುರವನ್ನೂ ಕಲ್ಲಿನ ರಥವನ್ನೂ ನೋಡಿಕೊಂಡು ಹಿಂದಿರುಗುತ್ತಾರೆ. ಆ ಗುಡಿಗಳ ಆಸುಪಾಸಿನಲ್ಲಿಯೇ ಸದ್ದಿಲ್ಲದೆ ಹರಿಯುವ ತುರ್ತು ಕಾಲುವೆಯ ಕಡೆಗೆ ಕಣ್ಣು ಹಾಯಿಸುವವರು ಕಡಮೆ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಯ ನೀರನ್ನು ತಿರುಗಿಸಿ ತಂದ ಆ ಕಾಲುವೆ ಇಂದಿಗೂ ಬಾಳೆಯ ತೋಟಗಳನ್ನೂ ಭತ್ತದ ಗದ್ದೆಗಳನ್ನೂ ಹಸುರಾಗಿ ಇಟ್ಟಿದೆ. ಆದರೆ ಕಾಲುವೆಯನ್ನು ತೋಡಿದ ಮಾತ್ರಕ್ಕೆ ಗದ್ದೆಗೆ ನೀರು ಬಂದೀತೆಂದು ಹೇಳುವಂತಿಲ್ಲ. ಯಾವ ತೂಬನ್ನು ಎಷ್ಟು ಹೊತ್ತು ಎತ್ತಬೇಕು, ಇಂದು ಯಾರ ಸರದಿ, ಎಲ್ಲಿ ಏರಿ ಸೋರುತ್ತಿದೆ ಎಂಬುದನ್ನೆಲ್ಲ ಬಲ್ಲವನೊಬ್ಬ ಇರಬೇಕು. ಅಂಥವನನ್ನು ಹಳ್ಳಿಗಳಲ್ಲಿ ನೀರುಗಂಟಿ ಎಂದು ಕರೆಯುವುದು ವಾಡಿಕೆ.

ಇಂದಿನ ಕಚೇರಿಗಳಲ್ಲಿಯೂ ಒಂದು ಬಗೆಯ ಕಾಲುವೆಗಳಿವೆ. ಗುಮಾಸ್ತರ ಕಂಪ್ಯೂಟರಿನಿಂದ ಲೆಕ್ಕದ ಯಂತ್ರಕ್ಕೆ, ಕ್ಯಾಮರಾದಿಂದ ಮುದ್ರಣದ ಪೆಟ್ಟಿಗೆಗೆ, ಅಲ್ಲಿಂದ ಹೊರಗಿನ ಇಂಟರ್ನೆಟ್ಟಿಗೆ ಮಾಹಿತಿಯು ತಂತಿಗಳಲ್ಲಿ ಹರಿಯುತ್ತಿರುತ್ತದೆ. ಈ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಯೇ ನೆಟ್‌ವರ್ಕ್ ಸ್ವಿಚ್ಚು. ಗೋಡೆಯ ದೀಪದ ಸ್ವಿಚ್ಚಿಗೂ ಇದಕ್ಕೂ ಹೆಸರೊಂದನ್ನು ಬಿಟ್ಟರೆ ಸಂಬಂಧವಿಲ್ಲ. ಮೇಜಿನ ಕೆಳಗೋ ಬೀರುವಿನ ಮೇಲೋ ಧೂಳು ತಿನ್ನುತ್ತ ಮಿಣುಕುವ ಈ ಪೆಟ್ಟಿಗೆಯ ನೆನಪು ಯಾರಿಗೂ ಇರುವುದಿಲ್ಲ. ಅದು ಕೆಟ್ಟ ದಿನ ಮಾತ್ರ ಎಲ್ಲರಿಗೂ ನೆನಪಾಗುತ್ತದೆ.

ಅಂಥ ಒಂದು ದಿನವನ್ನೂ, ಅದನ್ನು ಅನುಭವಿಸಿದ ಒಂದು ಕಂಪನಿಯನ್ನೂ ವಾಚಕರು ಊಹಿಸಿಕೊಳ್ಳಬಹುದು. ಕಂಪನಿ ಎಂದರೆ ದೊಡ್ಡದೇನೂ ಅಲ್ಲ; ಅಣ್ಣತಮ್ಮಂದಿರು ಕೂಡಿ ಬೆಳೆಸಿದ ಮನೆತನದ ವ್ಯವಹಾರ. ಮುಖ್ಯ ಕಚೇರಿ ಹೊಸಪೇಟೆಯಲ್ಲಿ. ಸಂಡೂರಿನಲ್ಲಿ ಅದಿರಿನ ಲಾರಿಗಳನ್ನು ತೂಗುವ ಒಂದು ವೇಬ್ರಿಡ್ಜು. ಕಂಪ್ಲಿಯಲ್ಲಿ ಒಂದು ಅಕ್ಕಿಯ ಗಿರಣಿ. ಹಂಪಿಗೆ ಬರುವ ಯಾತ್ರಿಕರಿಗಾಗಿ ಹಂಪಿಯ ಹಾದಿಯಲ್ಲಿ ಹನ್ನೆರಡು ಕೋಣೆಗಳ ಒಂದು ವಸತಿಗೃಹ. ಎಲ್ಲ ಸೇರಿ ಮೂವತ್ತು ಮೂವತ್ತೈದು ಮಂದಿ ಕೆಲಸಗಾರರು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾದ ಮೇಲೆ ವ್ಯವಹಾರವೂ ಒಂದು ಮಟ್ಟಿಗೆ ಏರಿದ್ದಿತು.

ಆ ದಿನ ಶನಿವಾರ, ಸಂಬಳದ ಬಟವಾಡೆಯ ದಿನ. ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಹೊಸಪೇಟೆಯ ಕಚೇರಿಯಲ್ಲಿ ಒಂದೊಂದಾಗಿ ಕಂಪ್ಯೂಟರುಗಳು ಮಂಕಾದುವು. ಲೆಕ್ಕದ ಪುಟ ತೆರೆಯಲಿಲ್ಲ. ಬ್ಯಾಂಕಿನ ಪುಟವೂ ತೆರೆಯಲಿಲ್ಲ. ಸಂಡೂರಿನ ತೂಕದ ಚೀಟಿಗಳು ಬರುವುದು ನಿಂತಿತು. ಅಲ್ಲಿ ಲಾರಿಗಳು ಸಾಲುಗಟ್ಟಿದುವು. ಮಧ್ಯಾಹ್ನ ಮೂರಕ್ಕೆ ಒಬ್ಬ ಮೆಕ್ಯಾನಿಕ್ಕನು ಬಂದು ನೋಡಿದಾಗ ಕಾರಣ ತಿಳಿಯಿತು. ಕಸ ಗುಡಿಸುತ್ತಿದ್ದ ಹುಡುಗನೊಬ್ಬನು ನೆಲದ ಮೇಲೆ ಜೋತುಬಿದ್ದ ತಂತಿಯ ತುದಿಯನ್ನು ಕಂಡು, ಬಿಚ್ಚಿಹೋಗಿರಬೇಕೆಂದು ಬಗೆದು, ಸ್ವಿಚ್ಚಿನ ಖಾಲಿ ರಂಧ್ರಕ್ಕೆ ಸಿಕ್ಕಿಸಿದ್ದನು. ಆ ತಂತಿಯ ಮತ್ತೊಂದು ತುದಿ ಅದೇ ಸ್ವಿಚ್ಚಿನಲ್ಲಿ ಆಗಲೇ ಇದ್ದಿತು.

ಅಂದು ಸಂಜೆ ಬಟವಾಡೆ ಆಗಲಿಲ್ಲ. ದೂರದ ಹಳ್ಳಿಗಳಿಗೆ ಹೋಗಬೇಕಾಗಿದ್ದ ಹಮಾಲರು ಬರಿಗೈಯಲ್ಲಿ ಬಸ್ಸು ಹತ್ತಿದರು. ಯಜಮಾನರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕೊರೆದದ್ದು ಅದೇ. ಇಪ್ಪತ್ತೈದು ವರ್ಷಗಳಲ್ಲಿ ಒಂದು ಶನಿವಾರವೂ ತಪ್ಪದ ಕೈ, ಒಂದು ತಂತಿಯ ತುದಿಯಿಂದ ತಪ್ಪಿಹೋಗಿದ್ದಿತು.

ಸೋಮವಾರವೇ ಅವರು ಅಂಗಡಿಯವನನ್ನು ಕರೆಯಿಸಿದರು. ಅವನು ಮೂರು ದರಪಟ್ಟಿಗಳನ್ನು ಮುಂದಿಟ್ಟನು. ಮೊದಲನೆಯದು ಇಪ್ಪತ್ತನಾಲ್ಕು ಪೋರ್ಟುಗಳ ಸಾಮಾನ್ಯ ಸ್ವಿಚ್ಚು, 7,000 ರೂಪಾಯಿ. ಎರಡನೆಯದು ಅಷ್ಟೇ ಪೋರ್ಟುಗಳ 'ಸ್ಮಾರ್ಟ್' ಸ್ವಿಚ್ಚು, 16,000 ರೂಪಾಯಿ. ಮೂರನೆಯದು ದೊಡ್ಡ ಕಂಪನಿಗಳು ಇಟ್ಟುಕೊಳ್ಳುವ ಪೂರ್ಣ ಮ್ಯಾನೇಜ್ಡ್ ಸ್ವಿಚ್ಚು, 1,20,000 ರೂಪಾಯಿ. ಮೂರರ ಮೇಲೂ ನೂರಕ್ಕೆ 18ರಂತೆ ಜಿ.ಎಸ್.ಟಿ. ಬೇರೆ. ನೊಂದ ಮನಸ್ಸಿಗೆ ಬೆಲೆ ಹೆಚ್ಚಾದದ್ದೇ ಭದ್ರವೆಂದು ತೋರುವುದು ಸಹಜ. ಯಜಮಾನರ ಕೈ ಮೂರನೆಯ ಹಾಳೆಯ ಮೇಲೆ ನಿಂತಿತು.

ಅವರ ತಮ್ಮನ ಮಗಳು ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವಳು, ಆ ವಾರ ಊರಿಗೆ ಬಂದಿದ್ದಳು.

"ದೊಡ್ಡಪ್ಪಾ, ಎರಡು ದಿನ ತಡೆಯಿರಿ. ಪೆಟ್ಟಿಗೆಯನ್ನು ಆರಿಸುವುದಕ್ಕೆ ಮೊದಲು ಅದನ್ನು ಇಡುವ ಜಾಗಗಳನ್ನು ನೋಡಿಬರೋಣ," ಎಂದಳು ಅವಳು.

"ನೋಡುವುದೇನಮ್ಮ? ಮತ್ತೊಮ್ಮೆ ಹೀಗಾಗಬಾರದು. ದುಡ್ಡು ಹೋದರೆ ಹೋಗಲಿ."

"ದುಡ್ಡು ಕೊಟ್ಟರೂ, ಅದನ್ನು ನಡೆಸುವವರಿಲ್ಲದಿದ್ದರೆ ಮತ್ತೆ ಹೀಗೆಯೇ ಆದೀತು," ಎಂದಳು.

ಈ ಮಾತಿನಲ್ಲಿ ಅಡಗಿರುವ ಸತ್ಯವನ್ನು ತಿಳಿಯಬೇಕಾದರೆ ಸ್ವಿಚ್ಚಿನ ವಂಶಾವಳಿಯನ್ನು ಸ್ವಲ್ಪ ನೋಡಬೇಕು. ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ 'ಈಥರ್ನೆಟ್' ಪದ್ಧತಿ 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಹುಟ್ಟಿತು. ಆ ಕಾಲದ ಜೋಡಣೆಗಳಲ್ಲಿ ಒಬ್ಬನು ಆಡಿದ ಮಾತು ಎಲ್ಲರ ಕಿವಿಗೂ ಬೀಳುತ್ತಿದ್ದಿತು. ಯಾರಿಗೆ ಸೇರಬೇಕೋ ಅವರಿಗೆ ಮಾತ್ರ ಮುಟ್ಟಿಸುವ ಸ್ವಿಚ್ಚನ್ನು 1990ರಲ್ಲಿ ಮೊದಲಿಗೆ ಮಾರಾಟಕ್ಕೆ ತಂದ ಸಂಸ್ಥೆಯ ಹೆಸರು ಕೇಳಿದರೆ ವಾಚಕರಿಗೆ ಆಶ್ಚರ್ಯವಾದೀತು: ಅದರ ಹೆಸರು 'ಕಲ್ಪನಾ'. ಕ್ಯಾಲಿಫೋರ್ನಿಯದಲ್ಲಿ ಅದನ್ನು ಸ್ಥಾಪಿಸಿದವರಲ್ಲಿ ಒಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್. ಸಂಸ್ಥೆಗೆ ತಮ್ಮ ಪತ್ನಿಯ ಹೆಸರನ್ನಿಟ್ಟಿದ್ದರು. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು.

ಸಾಮಾನ್ಯ ಸ್ವಿಚ್ಚು ಯಾವ ಪೋರ್ಟಿನಲ್ಲಿ ಯಾವ ಯಂತ್ರವಿದೆಯೆಂಬುದನ್ನು ತಾನೇ ಕಲಿತುಕೊಳ್ಳುತ್ತದೆ. ಇಷ್ಟು ಬುದ್ಧಿ ಅದಕ್ಕೆ ಉಂಟು. ಆದರೆ ಇಂಥವರನ್ನು ಬಿಡಬೇಡ ಎಂದರೆ ಅದಕ್ಕೆ ಕೇಳಿಸದು. ಏನಾಯಿತೆಂದು ವಿಚಾರಿಸಿದರೆ ಹೇಳಲು ಬಾರದು. ಮ್ಯಾನೇಜ್ಡ್ ಸ್ವಿಚ್ಚಿಗೆ ಕೇಳುವ ಕಿವಿಯೂ ಹೇಳುವ ಬಾಯಿಯೂ ಇವೆ. ಸಾಮಾನ್ಯ ಸ್ವಿಚ್ಚು ಕವಲೊಡೆದ ಕಾಲುವೆಯಾದರೆ, ಇದು ಕಾಲುವೆಯ ಜೊತೆಗೆ ನೀರುಗಂಟಿಯೂ ಹೌದು. ಆದರೆ ಆಜ್ಞೆ ಕೊಡುವವರಿಲ್ಲದ ನೀರುಗಂಟಿಯಿಂದ ಪ್ರಯೋಜನವೇನು? ಲಕ್ಷ ರೂಪಾಯಿಯ ಸ್ವಿಚ್ಚನ್ನು ತಂದು, ಏನೊಂದನ್ನೂ ಹೊಂದಿಸದೆ ತಂತಿ ಸಿಕ್ಕಿಸಿ ಬಿಟ್ಟರೆ ಅದು ಬಹುಮಟ್ಟಿಗೆ 7,000 ರೂಪಾಯಿಯ ಕೆಲಸವನ್ನಷ್ಟೇ ಮಾಡುತ್ತದೆ.

ಹೊಸಪೇಟೆಯ ಕಚೇರಿಯಿಂದಲೇ ಪರೀಕ್ಷೆ ಆರಂಭವಾಯಿತು. ಶನಿವಾರದ ಅನಾಹುತ ಏಕಾಯಿತು? ಈಥರ್ನೆಟ್ಟಿನಲ್ಲಿ ಎಲ್ಲರಿಗೂ ಕೂಗಿ ಹೇಳುವ ಕೆಲವು ಸಂದೇಶಗಳಿರುತ್ತವೆ. ಅವುಗಳಿಗೆ ಆಯುಷ್ಯದ ಮಿತಿಯಿಲ್ಲ. ಒಂದೇ ತಂತಿಯ ಎರಡೂ ತುದಿಗಳು ಒಂದೇ ಸ್ವಿಚ್ಚಿಗೆ ಸೇರಿದರೆ ಸುತ್ತುವ ದಾರಿಯೊಂದು ಏರ್ಪಡುತ್ತದೆ. ಸಂದೇಶವು ಸುತ್ತಿ ಸುತ್ತಿ ಬೆಳೆದು, ಕ್ಷಣಮಾತ್ರದಲ್ಲಿ ಕಾಲುವೆಯೆಲ್ಲ ಅದೇ ತುಂಬಿ ನಿಲ್ಲುತ್ತದೆ. ಇದಕ್ಕೆ ಪರಿಹಾರವನ್ನು 1985ರಲ್ಲಿ ರಾಡಿಯಾ ಪರ್ಲ್‌ಮನ್ ಎಂಬ ವಿದುಷಿ ಕಂಡುಹಿಡಿದರು. 'ಸ್ಪ್ಯಾನಿಂಗ್ ಟ್ರೀ' ಎಂಬ ಆ ಪದ್ಧತಿಯಲ್ಲಿ ಸ್ವಿಚ್ಚುಗಳು ತಮ್ಮತಮ್ಮೊಳಗೆ ಮಾತನಾಡಿಕೊಂಡು, ಸುತ್ತುವ ದಾರಿ ಕಂಡಲ್ಲಿ ಒಂದು ಬಾಗಿಲನ್ನು ತಾವೇ ಮುಚ್ಚಿಬಿಡುತ್ತವೆ. ಆಕೆ ಅದನ್ನು ಒಂದು ಪುಟ್ಟ ಪದ್ಯದಲ್ಲಿಯೂ ಹೇಳಿಟ್ಟಿದ್ದಾರೆ. ಹಳೆಯ ಪದ್ಧತಿಯು ದಾರಿ ನಿಶ್ಚಯಿಸಲು ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಿತು. 2001ರ 'ರ‍್ಯಾಪಿಡ್' ಪದ್ಧತಿಗೆ ಕೆಲವು ಸೆಕೆಂಡುಗಳು ಸಾಕು. 16,000 ರೂಪಾಯಿಯ ಸ್ವಿಚ್ಚಿನ ವಿವರಪತ್ರದಲ್ಲಿ ಇದು ಇದ್ದಿತು. ಯಜಮಾನರ ನಿದ್ದೆ ಕೆಡಿಸಿದ ರೋಗಕ್ಕೆ ಮದ್ದು ಎರಡನೆಯ ದರಪಟ್ಟಿಯಲ್ಲಿಯೇ ದೊರೆಯಿತು.

ಕಚೇರಿಯಲ್ಲಿ ಎರಡನೆಯ ದೋಷವೂ ಕಂಡಿತು. ಲೆಕ್ಕದ ಯಂತ್ರ, ಗುಮಾಸ್ತರ ಕಂಪ್ಯೂಟರುಗಳು, ಕ್ಯಾಮರಾಗಳು, ಬಂದವರ ಮೊಬೈಲುಗಳು ಎಲ್ಲವೂ ಒಂದೇ ಅಂಗಳದಲ್ಲಿದ್ದುವು. ಯಾರ ಮೊಬೈಲಿನಲ್ಲಾದರೂ ಒಂದು ದುಷ್ಟ ತಂತ್ರಾಂಶ ಸೇರಿಕೊಂಡಿದ್ದರೆ ಅದಕ್ಕೂ ಕಂಪನಿಯ ಲೆಕ್ಕಕ್ಕೂ ನಡುವೆ ಗೋಡೆಯೇ ಇಲ್ಲ. ಮ್ಯಾನೇಜ್ಡ್ ಸ್ವಿಚ್ಚು 'ವಿ-ಲ್ಯಾನ್' ಎಂಬ ಉಪಾಯದಿಂದ ಒಂದೇ ಪೆಟ್ಟಿಗೆಯನ್ನು ಹಲವು ಪೆಟ್ಟಿಗೆಗಳಂತೆ ಬೇರ್ಪಡಿಸುತ್ತದೆ. 1998ರಲ್ಲಿ ಗೊತ್ತುಪಡಿಸಿದ 802.1ಕ್ಯೂ ಎಂಬ ಕ್ರಮದಲ್ಲಿ ಪ್ರತಿಯೊಂದು ಸಂದೇಶಕ್ಕೂ ಅಂಕಿಯ ಚೀಟಿಯೊಂದು ಅಂಟುತ್ತದೆ. ಇಂಥ 4,094 ಅಂಗಳಗಳನ್ನು ಹೆಸರಿಸಬಹುದಾದರೂ ಚಿಕ್ಕ ಕಂಪನಿಗೆ ನಾಲ್ಕು ಸಾಕು: ಲೆಕ್ಕಕ್ಕೆ ಒಂದು, ಕೆಲಸಗಾರರಿಗೆ ಒಂದು, ಕ್ಯಾಮರಾಗಳಿಗೆ ಒಂದು, ಅತಿಥಿಗಳಿಗೆ ಒಂದು.

ಇಲ್ಲಿ ಅನೇಕರು ಎಡವುವ ಕಲ್ಲೊಂದಿದೆ. ಸ್ವಿಚ್ಚು ಗೋಡೆ ಕಟ್ಟುತ್ತದೆಯೇ ಹೊರತು, ಗೋಡೆಯ ಬಾಗಿಲಲ್ಲಿ ನಿಂತು ಯಾರು ದಾಟಬಹುದೆಂದು ನಿರ್ಧರಿಸುವುದು ರೌಟರಿನ ಕೆಲಸ. ಇಂಟರ್ನೆಟ್ ಕಂಪನಿಯವರು ಬಿಟ್ಟಿಯಾಗಿ ಕೊಟ್ಟ ರೌಟರುಗಳಲ್ಲಿ ಅನೇಕಕ್ಕೆ ವಿ-ಲ್ಯಾನಿನ ಭಾಷೆ ತಿಳಿಯದು. ಆಗ ಲೆಕ್ಕದ ಅಂಗಳಕ್ಕೆ ಇಂಟರ್ನೆಟ್ ಬಾರದು, ಇಲ್ಲವೆ ಬೇಸತ್ತ ಮೆಕ್ಯಾನಿಕ್ಕನು ಗೋಡೆಗಳನ್ನೆಲ್ಲ ಒಡೆದು ಮತ್ತೆ ಒಂದೇ ಅಂಗಳ ಮಾಡಿಹೋಗುತ್ತಾನೆ. ಆದುದರಿಂದ ಸ್ವಿಚ್ಚಿಗೆಂದು ಇಟ್ಟ ಹಣದಲ್ಲಿ ವಿ-ಲ್ಯಾನ್ ಬಲ್ಲ ಒಂದು ರೌಟರಿಗೂ ಪಾಲು ತೆಗೆದಿಡಬೇಕು. ನಾಲ್ಕು ಊರುಗಳನ್ನು ಒಂದಕ್ಕೊಂದು ಗುಟ್ಟಾಗಿ ಬೆಸೆಯುವುದೂ ರೌಟರೇ. ಸ್ವಿಚ್ಚಿನ ಅಧಿಕಾರ ಆಯಾ ಆವರಣದೊಳಗೆ ಮಾತ್ರ.

ಆವರಣ ಆವರಣಕ್ಕೂ ಅಗತ್ಯ ಬೇರೆಯಾದುದರಿಂದ, ಅದೇ ಸಂಜೆ ದೊಡ್ಡಪ್ಪ ಮಗಳಿಬ್ಬರೂ ಹಂಪಿಯ ಹಾದಿಯ ವಸತಿಗೃಹಕ್ಕೆ ಹೋದರು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಗೆ ದೇಶವಿದೇಶಗಳಿಂದ ಜನ ಬರುತ್ತಾರೆ. ಬಂದವರು ನೀರು ಕೇಳುವುದಕ್ಕೆ ಮೊದಲು ವೈಫೈ ಕೇಳುತ್ತಾರೆ. ಅಲ್ಲಿ ಅತಿಥಿಗಳ ವೈಫೈಯೂ, ಅವರ ಗುರುತಿನ ಚೀಟಿಗಳ ನಕಲುಗಳಿದ್ದ ಮೇಜಿನ ಕಂಪ್ಯೂಟರೂ ಒಂದೇ ಜಾಲದಲ್ಲಿದ್ದುವು. ಪರರ ವಿವರಗಳನ್ನು ಇಟ್ಟುಕೊಂಡವರು ಅವನ್ನು ಕಾಪಾಡಬೇಕೆಂಬುದು 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯ ವಿಧಿ. ನಂಬಿ ಬಂದು ತಂಗಿದವರ ವಿಷಯದಲ್ಲಿ ಅದು ಧರ್ಮವೂ ಹೌದು. ಅಲ್ಲಿಗೆ ವಿ-ಲ್ಯಾನ್ ಬೇಕೇ ಬೇಕೆಂಬುದು ನಿಶ್ಚಯವಾಯಿತು.

ಇನ್ನೊಂದು ವಿಷಯ, ಪಿ.ಒ.ಇ. ಕ್ಯಾಮರಾಗಳಿಗೂ ವೈಫೈ ಪೆಟ್ಟಿಗೆಗಳಿಗೂ ಬೇರೆ ವಿದ್ಯುತ್ತಿನ ತಂತಿ ಎಳೆಯದೆ, ಮಾಹಿತಿಯ ತಂತಿಯಲ್ಲಿಯೇ ವಿದ್ಯುತ್ತನ್ನೂ ಕಳುಹಿಸುವ ಸೌಕರ್ಯವಿದು. 2003ರ ಕ್ರಮದಂತೆ ಒಂದು ಪೋರ್ಟಿಗೆ 15.4 ವಾಟ್, 2009ರ ಕ್ರಮದಂತೆ 30 ವಾಟ್ ಕೊಡಬಹುದು. ಕೊಳ್ಳುವವರು ಈ ಅಂಕಿಯನ್ನು ನೋಡಿ ತೃಪ್ತರಾಗುತ್ತಾರೆ. ನೋಡಬೇಕಾದದ್ದು ಪೆಟ್ಟಿಗೆಯ ಒಟ್ಟು ಶಕ್ತಿ. ವಸತಿಗೃಹದಲ್ಲಿ ಎಂಟು ಕ್ಯಾಮರಾಗಳು, ಒಂದಕ್ಕೆ 7 ವಾಟಿನಂತೆ 56. ಎರಡು ವೈಫೈ ಪೆಟ್ಟಿಗೆಗಳು, ಒಂದಕ್ಕೆ 12ರಂತೆ 24. ಒಟ್ಟು 80 ವಾಟ್. ಅಂಗಡಿಯವನು ಹೇಳಿದ್ದ ಅಗ್ಗದ ಸ್ವಿಚ್ಚಿನ ಒಟ್ಟು ಶಕ್ತಿ 60 ವಾಟ್. ಹಗಲಿನಲ್ಲಿ ಹೇಗೋ ನಡೆದು, ರಾತ್ರಿ ಕ್ಯಾಮರಾಗಳು ಕತ್ತಲಲ್ಲಿ ನೋಡುವ ದೀಪವನ್ನು ಹೊತ್ತಿಸಿಕೊಂಡೊಡನೆ ಒಂದೆರಡು ಕಣ್ಣು ಮುಚ್ಚಿಕೊಳ್ಳುವ ಪೆಟ್ಟಿಗೆಯದು. ಕಳ್ಳನು ಬರುವುದೂ ಆಗಲೇ ಅಲ್ಲವೆ? ಹದಿನಾರು ಪೋರ್ಟು, 120 ವಾಟ್ ಒಟ್ಟು ಶಕ್ತಿಯುಳ್ಳದ್ದೇ ಸರಿಯೆಂದು ಬರೆದುಕೊಂಡರು. ಇಲ್ಲಿ ಹಣ ಉಳಿಸುವುದು ಜಾಣತನವಾಗುತ್ತಿರಲಿಲ್ಲ.

ಅದೇ ಹಾಳೆಯಲ್ಲಿ ಹಣ ಉಳಿಸುವ ಲೆಕ್ಕವೂ ಸಿಕ್ಕಿತು. ಒಂದು ಕ್ಯಾಮರಾದ ಚಿತ್ರಕ್ಕೆ ಸೆಕೆಂಡಿಗೆ 4 ಮೆಗಾಬಿಟ್ಟಿನಂತೆ ಎಂಟು ಕ್ಯಾಮರಾಗಳಿಗೆ 32 ಮೆಗಾಬಿಟ್. ಸಾಮಾನ್ಯ ಗಿಗಾಬಿಟ್ ಪೋರ್ಟು 1,000 ಮೆಗಾಬಿಟ್ ಸಾಗಿಸಬಲ್ಲದು. ಮೂರನೆಯ ದರಪಟ್ಟಿಯಲ್ಲಿ ಹೊಗಳಿದ್ದ 10 ಗಿಗಾಬಿಟ್ ಪೋರ್ಟುಗಳು ಇವರಿಗೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಮರುದಿನ ಬೆಳಗ್ಗೆ ಸಂಡೂರು. ಬೆಟ್ಟಗಳ ನಡುವೆ ಹಾದುಹೋಗುವ ಆ ದಾರಿಯಲ್ಲಿ ಗಿಡದ ಎಲೆಗಳ ಮೇಲೂ ಅದಿರಿನ ಕೆಂಧೂಳು. ವೇಬ್ರಿಡ್ಜಿನ ಗೂಡಿಗೂ ಕಚೇರಿಗೂ ಇನ್ನೂರೈವತ್ತು ಮೀಟರಿನ ಅಂತರ. ತಾಮ್ರದ ಈಥರ್ನೆಟ್ ತಂತಿಯನ್ನು 100 ಮೀಟರಿಗಿಂತ ಹೆಚ್ಚು ಎಳೆಯುವಂತಿಲ್ಲ. ಹಿಂದಿನವರು ನಡುವೆ ಎರಡು ಕಂಬಗಳಲ್ಲಿ ಎರಡು ಚಿಕ್ಕ ಸ್ವಿಚ್ಚುಗಳನ್ನು ತೂಗಹಾಕಿ ತೇಪೆ ಹಚ್ಚಿದ್ದರು. ಮಳೆಗಾಲದ ಮೊದಲ ಸಿಡಿಲಿಗೆ ಅವು ಸುಟ್ಟುಹೋಗುವುದು ಪ್ರತಿವರ್ಷದ ಪದ್ಧತಿಯಾಗಿದ್ದಿತು. ತಾಮ್ರವು ಮಾಹಿತಿಯನ್ನು ಸಾಗಿಸುವಂತೆ ಸಿಡಿಲಿನ ಆಘಾತವನ್ನೂ ಸಾಗಿಸುತ್ತದೆ. ಗಾಜಿನ ಎಳೆಯ ಫೈಬರ್ ಸಾಗಿಸುವುದಿಲ್ಲ. ಆದುದರಿಂದ ಎರಡು ಕಟ್ಟಡಗಳ ನಡುವೆ ಫೈಬರ್ ಎಳೆಯುವುದೇ ಲೇಸು. ಅದಕ್ಕೆ ಎರಡೂ ತುದಿಯ ಸ್ವಿಚ್ಚುಗಳಲ್ಲಿ ಎಸ್.ಎಫ್.ಪಿ. ಎಂಬ ಗೂಡು ಇರಬೇಕು. ಆ ಗೂಡಿಗೆ ಬೇರೆ ಕಂಪನಿಯ ಬಿಲ್ಲೆ ಹಿಡಿಸುತ್ತದೆಯೆ ಎಂದು ಮೊದಲೇ ಕೇಳಿಕೊಳ್ಳಬೇಕು. ಕೆಲವು ತಯಾರಕರು ತಮ್ಮದನ್ನಲ್ಲದೆ ಬೇರೆಯದನ್ನು ಒಪ್ಪುವುದಿಲ್ಲ.

ಅಲ್ಲಿಯೇ ಮತ್ತೊಂದು ಪಾಠ. ವಿವರಪತ್ರದ ಕೊನೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ 'ಕಾರ್ಯ ನಿರ್ವಹಿಸುವ ಉಷ್ಣತೆ' ಎಂದೊಂದು ಸಾಲು ಇರುತ್ತದೆ. ಎಷ್ಟೋ ಅಗ್ಗದ ಸ್ವಿಚ್ಚುಗಳಿಗೆ ಅದು 40 ಡಿಗ್ರಿಯಲ್ಲಿ ಮುಗಿಯುತ್ತದೆ. ಈ ಸೀಮೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ಮುಟ್ಟುವಾಗ ತಗಡಿನ ಗೂಡಿನೊಳಗೆ ಎಷ್ಟಿದ್ದೀತು? ಫ್ಯಾನುಳ್ಳ ಸ್ವಿಚ್ಚನ್ನು ಇಟ್ಟರೆ ಅದು ತಂಪಿನ ಜೊತೆಗೆ ಅದಿರಿನ ಧೂಳನ್ನೂ ಎಳೆದುಕೊಂಡು ಉಸಿರು ಕಟ್ಟಿಕೊಳ್ಳುತ್ತದೆ. ಫ್ಯಾನಿಲ್ಲದ, ಕಾರ್ಖಾನೆಗಳಿಗೆಂದೇ ಮಾಡಿದ, 70 ಡಿಗ್ರಿಯವರೆಗೆ ತಾಳುವ ಚಿಕ್ಕ ಸ್ವಿಚ್ಚು ಇಲ್ಲಿಗೆ ತಕ್ಕದ್ದು. ಪೋರ್ಟಿನ ಲೆಕ್ಕಕ್ಕೆ ನೋಡಿದರೆ ಅದರ ಬೆಲೆ ಹೆಚ್ಚು. ವರ್ಷವರ್ಷವೂ ಸುಟ್ಟುಹೋಗುವ ಎರಡರ ಲೆಕ್ಕಕ್ಕೆ ನೋಡಿದರೆ ಕಡಮೆ.

ಮಧ್ಯಾಹ್ನ ಹೊಸಪೇಟೆಗೆ ಹಿಂದಿರುಗಿ, ಊಟ ಮುಗಿಸಿ, ನದಿಯ ದಿಕ್ಕಿನಲ್ಲಿ ಕಂಪ್ಲಿಗೆ ಹೊರಟರು. ಗಿರಣಿಯಲ್ಲಿ ಧೂಳಿನ ಬಣ್ಣ ಮಾತ್ರ ಬೇರೆ. ಕೆಂಪಿನ ಬದಲು ಭತ್ತದ ಹೊಟ್ಟಿನ ಹಳದಿ. ಇಲ್ಲಿ ಇದ್ದ ಯಂತ್ರಗಳು ಐದಾರು. ಇದಕ್ಕೆ ಮ್ಯಾನೇಜ್ಡ್ ಸ್ವಿಚ್ಚು ಬೇಕೆ ಎಂದು ಯಜಮಾನರಿಗೇ ಸಂದೇಹವಾಯಿತು.

"ಎಂಟು ಪೋರ್ಟುಗಳ ಫ್ಯಾನಿಲ್ಲದ ಒಂದು ಸ್ಮಾರ್ಟ್ ಸ್ವಿಚ್ಚು ಸಾಕು, ದೊಡ್ಡಪ್ಪಾ. ವಿ-ಲ್ಯಾನಿಗಿಂತ ಹೆಚ್ಚಾಗಿ, ಹೊಸಪೇಟೆಯಲ್ಲಿ ಕುಳಿತೇ ಇಲ್ಲಿನದನ್ನು ನೋಡುವುದಕ್ಕೆ ಅದು ಬೇಕು. ಈಗ ಇಲ್ಲಿ ಒಂದು ತಂತಿ ಸಡಿಲವಾದರೂ ನೋಡುವುದಕ್ಕೆ ಮೂವತ್ತು ಕಿಲೋಮೀಟರು ಮನುಷ್ಯನನ್ನು ಓಡಿಸುತ್ತೀರಲ್ಲ?"

ಮಾತು ನಿಜ. ಮ್ಯಾನೇಜ್ಡ್ ಸ್ವಿಚ್ಚು ಯಾವ ಪೋರ್ಟು ಎಷ್ಟು ಗಂಟೆಗೆ ಸತ್ತಿತು, ಯಾವುದರಲ್ಲಿ ದೋಷಗಳು ಏರುತ್ತಿವೆ ಎಂಬುದನ್ನು ದಿನಚರಿಯಲ್ಲಿ ಬರೆದಿಡುತ್ತದೆ. ದೂರದಿಂದಲೇ ಅದನ್ನು ಓದಬಹುದು. ಇದಕ್ಕೆ ಕಾಯಿದೆಯ ಮಗ್ಗುಲೂ ಒಂದುಂಟು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 28-4-2022ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ತಮ್ಮ ಜಾಲದ ದಿನಚರಿಯನ್ನು 180 ದಿನ ಉಳಿಸಬೇಕು, ಗಡಿಯಾರಗಳನ್ನು ಸರಿಹೊಂದಿಸಿಟ್ಟಿರಬೇಕು, ಸೂಚಿಸಲಾದ ಬಗೆಯ ಸೈಬರ್ ಅನಾಹುತವಾದರೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಸ್ವಿಚ್ಚಿನ ಸ್ವಂತ ನೆನಪು ಅಲ್ಪ. ಆದುದರಿಂದ ಅದರ ದಿನಚರಿಯನ್ನು ಕಚೇರಿಯ ಒಂದು ಕಂಪ್ಯೂಟರಿಗೆ ಕಳುಹಿಸುವಂತೆ ಹೊಂದಿಸತಕ್ಕದ್ದು. ಕಂಪ್ಲಿಯ ಸ್ವಿಚ್ಚಿಗೆ ಬಿಗಿಯಾದ ಒಂದು ಪೆಟ್ಟಿಗೆ, ವಿದ್ಯುತ್ತು ಹೋಗಿ ಬಂದು ಮಾಡುವುದಕ್ಕೆ ಒಂದು ಚಿಕ್ಕ ಯು.ಪಿ.ಎಸ್. ಎಂದು ಪಟ್ಟಿಗೆ ಸೇರಿತು.

ರಾತ್ರಿ ಮನೆಯ ಜಗಲಿಯಲ್ಲಿ ಲೆಕ್ಕಕ್ಕೆ ಕುಳಿತಾಗ ಇನ್ನೊಂದು ಆಮಿಷ ಬಂದಿತು. ನೆಂಟರ ಹುಡುಗನೊಬ್ಬನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೆಸರಾಂತ ಕಂಪನಿಯ ಹಳೆಯ ಸ್ವಿಚ್ಚುಗಳು ಮೂರು ಕಾಸಿಗೆ ಸಿಗುತ್ತವೆಂದು ಹೇಳಿದನು. ಸಿಗುವುದು ನಿಜ, ಕಲಿಯುವ ವಿದ್ಯಾರ್ಥಿಗೆ ಅವು ವರವೂ ಹೌದು. ಕಂಪನಿಗೆ ತರುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ತಯಾರಕರು ಆ ಮಾದರಿಯ ಫರ್ಮ್‌ವೇರಿಗೆ ಇನ್ನೂ ರಕ್ಷಣೆಯ ತಿದ್ದುಪಡಿಗಳನ್ನು ಕೊಡುತ್ತಿದ್ದಾರೆಯೆ? ಅದು ಎಷ್ಟು ವಿದ್ಯುತ್ತು ಕುಡಿಯುತ್ತದೆ? ಹಗಲಿರುಳು 80 ವಾಟ್ ಎಳೆಯುವ ಹಳೆಯ ಪೆಟ್ಟಿಗೆ ವರ್ಷಕ್ಕೆ 700 ಯೂನಿಟ್ ತಿನ್ನುತ್ತದೆ. 15 ವಾಟಿನ ಹೊಸತು 131 ಯೂನಿಟ್. ಅಗ್ಗಕ್ಕೆ ಬಂದ ಆನೆಗೆ ಮೇವಿನ ಖರ್ಚು ಬೇರೆ.

ಹೊಸ ಸ್ವಿಚ್ಚುಗಳಲ್ಲಿಯೂ ಮೋಸ ಹೋಗುವ ಜಾಗಗಳಿಲ್ಲದೆ ಇಲ್ಲ. ಕೆಲವನ್ನು ತಯಾರಕರ ಇಂಟರ್ನೆಟ್ ತಾಣದ ಮೂಲಕವೇ ಹೊಂದಿಸಬೇಕು; ಅದಕ್ಕೆ ವರ್ಷವರ್ಷವೂ ಪರವಾನಗಿಯ ಹಣ. ಹಣ ಕಟ್ಟದಿದ್ದರೆ ಕೆಲಸವನ್ನೇ ನಿಲ್ಲಿಸುವ ಸ್ವಿಚ್ಚುಗಳೂ ಇವೆ. ಕೆಲವು ಅತಿ ಅಗ್ಗದ ಮಾದರಿಗಳಲ್ಲಿ ಆಡಳಿತದ ಪುಟವು ಯಾವ ಪೋರ್ಟಿನಿಂದ ಬಂದವರಿಗೂ ತೆರೆದುಕೊಳ್ಳುತ್ತದೆ. ಗೋಡೆ ಕಟ್ಟಿ ಬೀಗದ ಕೈಯನ್ನು ಹೊರಗೆ ನೇತುಹಾಕಿದಂತೆ. ಆಡಳಿತದ ಪುಟವನ್ನು ಒಂದೇ ಅಂಗಳಕ್ಕೆ ಕಟ್ಟಿಹಾಕಬಹುದೆ, ಆ ಪುಟ ಗೂಢಲಿಪಿಯಲ್ಲಿ ತೆರೆಯುತ್ತದೆಯೆ, ವಾರಂಟಿ ಎಷ್ಟು ವರ್ಷ, ಕೆಟ್ಟರೆ ಬದಲಿ ಪೆಟ್ಟಿಗೆ ಹೊಸಪೇಟೆಗೆ ಎಷ್ಟು ದಿನಗಳಲ್ಲಿ ಬರುತ್ತದೆ, ಇವೇ ಅಂಗಡಿಯವನನ್ನು ಕೇಳತಕ್ಕ ಪ್ರಶ್ನೆಗಳು. ಸಿಸ್ಕೊ, ಟಿಪಿ-ಲಿಂಕ್, ಡಿ-ಲಿಂಕ್, ನೆಟ್‌ಗಿಯರ್ ಮೊದಲಾದವರು ಅಗ್ಗದವನ್ನೂ ದುಬಾರಿಯವನ್ನೂ ಮಾಡುತ್ತಾರೆ. ಹೆಸರನ್ನು ನೋಡುವುದಕ್ಕಿಂತ ಮಾದರಿಯ ವಿವರಪತ್ರವನ್ನು ನೋಡುವುದು ಮೇಲು. ನಾಲ್ಕು ಊರಿಗೂ ಒಂದೇ ತಯಾರಕರ ಸಾಮಾನು ಕೊಂಡರೆ ಕಲಿಯುವ ಶ್ರಮ ಒಮ್ಮೆಗೇ ಮುಗಿಯುತ್ತದೆ.

ಕೊನೆಗೆ ಒಟ್ಟು ಹಾಕಿ ನೋಡಿದಾಗ ನಾಲ್ಕು ಊರಿನ ಸ್ವಿಚ್ಚುಗಳೂ ಕಚೇರಿಯ ರೌಟರೂ ಸೇರಿ ಮೂರನೆಯ ದರಪಟ್ಟಿಯ ಒಂದು ಪೆಟ್ಟಿಗೆಗಿಂತ ಕಡಮೆಯೇ ಆಗಿದ್ದಿತು. ಯಜಮಾನರು ಹಾಳೆಯನ್ನು ಮಡಿಸುವುದರಲ್ಲಿದ್ದರು.

"ಇನ್ನೂ ಒಂದು ಸಾಲು ಬರೆಯಿರಿ. ಎಂಟು ಪೋರ್ಟಿನದು ಒಂದು ಹೆಚ್ಚಿಗೆ."

"ಅದು ಎಲ್ಲಿಗೆ?"

"ಬೀರುವಿಗೆ."

ಯಜಮಾನರು ನಕ್ಕರು, ಮರುಕ್ಷಣದಲ್ಲಿ ಗಂಭೀರರಾದರು. ಹೊಸಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಳಚಿ ಗೇಟು ಕೊಚ್ಚಿಹೋದಾಗ, ಬದಲಿಯನ್ನು ಇಳಿಸುವವರೆಗೆ ಊರಿಗೆ ಊರೇ ಉಸಿರು ಬಿಗಿಹಿಡಿದು ನೀರು ಹರಿದುಹೋಗುವುದನ್ನು ನೋಡಿದ್ದಿತು. ಅವರು ಆ ಸಾಲನ್ನು ಬರೆದರು.

ಪೆಟ್ಟಿಗೆಗಳು ಬಂದ ಮೇಲೆ ಹುಡುಗಿ ಮೂರು ದಿನ ರಜೆ ಮುಂದುವರಿಸಿ ಎಲ್ಲವನ್ನೂ ಹೊಂದಿಸಿದಳು. ತಯಾರಕರು ಇಟ್ಟ ಗುಪ್ತಪದವನ್ನು ಮೊಟ್ಟಮೊದಲು ಬದಲಾಯಿಸಿದಳು. ಹೊಂದಿಕೆಯ ನಕಲನ್ನು ಎರಡು ಕಡೆ ತೆಗೆದಿಟ್ಟಳು. ಆದರೆ ಅವಳು ಹೆಚ್ಚು ಹೊತ್ತು ಕಳೆದದ್ದು ಸ್ವಿಚ್ಚಿನ ಮುಂದಲ್ಲ, ಹಿರಿಯ ಗುಮಾಸ್ತರ ಮುಂದೆ. ಯಾವ ಪೋರ್ಟಿಗೆ ಯಾರು, ಯಾವ ದೀಪಕ್ಕೆ ಏನು ಅರ್ಥ, ಕೆಟ್ಟರೆ ಮೊದಲು ಏನು ನೋಡಬೇಕು ಎಂದು ಕನ್ನಡದಲ್ಲಿ ಒಂದು ಹಾಳೆ ಬರೆಯಿಸಿ ಗೋಡೆಗೆ ಅಂಟಿಸಿದಳು. ಪ್ರತಿಯೊಂದು ತಂತಿಯ ಎರಡು ತುದಿಗೂ ಚೀಟಿ ಕಟ್ಟಿಸಿದಳು.

ಎರಡು ತಿಂಗಳಾದ ಮೇಲೆ, ಅದೂ ಶನಿವಾರವೇ, ಯಾರೋ ಮೇಜು ಸರಿಸುವಾಗ ಒಂದು ತಂತಿಯ ಎರಡೂ ತುದಿಗಳು ಮತ್ತೆ ಒಂದೇ ಸ್ವಿಚ್ಚಿಗೆ ಸೇರಿದುವು. ಒಂದು ಪೋರ್ಟಿನ ದೀಪ ಬಣ್ಣ ಬದಲಿಸಿತು. ಗುಮಾಸ್ತರು ಕನ್ನಡಕ ಏರಿಸಿ, ಗೋಡೆಯ ಹಾಳೆಯನ್ನು ಬೆರಳಿಟ್ಟು ಓದಿ, ಆ ತುದಿಯನ್ನು ಕಿತ್ತು ಪಕ್ಕಕ್ಕಿಟ್ಟರು. ಆ ಹೊತ್ತಿನಲ್ಲಿ ಬಟವಾಡೆ ನಡೆಯುತ್ತಲೇ ಇದ್ದಿತು. ಹಮಾಲರು ಹಣ ಎಣಿಸಿಕೊಂಡು ಐದೂವರೆಯ ಬಸ್ಸಿಗೆ ಹೊರಟುಹೋದರು. ಏನೋ ಆಗಬಹುದಾಗಿದ್ದಿತೆಂಬುದು ಅವರಲ್ಲಿ ಯಾರಿಗೂ ತಿಳಿಯಲಿಲ್ಲ.